ಪದ ಪರಿಚಯ: ಕರ್ನಲ್ ಊಪ್ಸ್, ವಿಎಂ ನೆಟ್‌ವರ್ಕಲ್ಲಿ ಬಿದ್ದಾಗ ಬರೋ ಆ ಉದ್ದ ಲಾಗ್

ಕೊಡಗಲ್ಲಿ ಮಳೆಗಾಲದಲ್ಲಿ ಯಾವ ಮಷಿನ್ ತಾನಾಗೇ ರೀಬೂಟ್ ಆದ್ರೂ ಮೊದಲು ಬರೋ ಮಾತು ಒಂದೇ, "ಕರೆಂಟ್ ಹೋಗಿರ್ಬೇಕು". ಜೂನ್ ಜುಲೈಲಿ ಮರ ಬಿದ್ದು ಲೈನ್ ಕಟ್ ಆಗೋದು ಮಾಮೂಲು, ಹಾಗಾಗಿ ಅದು ನಿಜಾನೂ ಇರುತ್ತೆ. ಆದ್ರೆ ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಕೂತು ಮನೆಯಿಂದ್ಲೇ ಕೆಲಸ ಮಾಡೋರು, ಒಂದು ಹಳೇ ಡೆಸ್ಕ್‌ಟಾಪಲ್ಲಿ ಕೆವಿಎಂ (ಲಿನಕ್ಸಲ್ಲೇ ಇರೋ ವರ್ಚುವಲ್ ಮಷಿನ್ ವ್ಯವಸ್ಥೆ) ಹಾಕ್ಕೊಂಡು ನಾಲ್ಕೈದು ವಿಎಂ, ಅಂದ್ರೆ ಒಂದು ಮಷಿನ್ ಒಳಗೇ ಓಡೋ ಸಾಫ್ಟ್‌ವೇರ್ ಮಷಿನ್‌ಗಳನ್ನ, ಓಡಿಸ್ತಿರೋರು, ಲೈನ್‌ಮನ್‌ಗೆ ಬೈಯೋ ಮುಂಚೆ ಹೋಸ್ಟಲ್ಲಿ (ವಿಎಂಗಳನ್ನ ಹೊತ್ತಿರೋ ಆ ಡೆಸ್ಕ್‌ಟಾಪಲ್ಲಿ) ಎದ್ದು ಎಷ್ಟು ಹೊತ್ತಾಯ್ತು ಅಂತ ಹೇಳೋ ಅಪ್‌ಟೈಮ್ ಕಮಾಂಡ್ ಒಂದ್ಸಲ ಕೊಟ್ಟು ನೋಡಿ. ಹೋಸ್ಟ್ ಎದ್ದು ವಾರಗಳೇ ಆಗಿದೆ, ಒಳಗಿನ ವಿಎಂ ಮಾತ್ರ ಈಗಷ್ಟೇ ಎದ್ದಿದೆ ಅಂತಾದ್ರೆ ಅದು ಕರೆಂಟ್ ಸಮಾಚಾರ ಅಲ್ಲ, ಕರೆಂಟ್ ಹೋಗಿದ್ರೆ ಎರಡೂ ಒಟ್ಟಿಗೇ ಮಲಗ್ತಿದ್ವು. ಬಹುಶಃ ಆ ವಿಎಂ ಒಳಗಿನ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಬಿದ್ದಿದೆ, ಬೀಳ್ತಾ ಒಂದು ಉದ್ದ ಲಾಗ್ ಬರೆದಿದೆ, ಅದನ್ನ ಯಾರೂ ನೋಡಿಲ್ಲ ಅಷ್ಟೇ. ಆ ಲಾಗ್‌ಗೆ ಲಿನಕ್ಸ್ ಜನ ಇಟ್ಟಿರೋ ಹೆಸರೇ ಊಪ್ಸ್.

ಕರ್ನಲ್ ತನ್ನದೇ ಕೋಡ್ ಓಡಿಸ್ತಿರುವಾಗ ಮಾಡಬಾರದ ಕೆಲಸಕ್ಕೆ ಕೈ ಹಾಕಿದ್ರೆ, ಅಂದ್ರೆ ಇಲ್ಲದ ಮೆಮೊರಿ ವಿಳಾಸ ಓದೋಕೆ ಹೋದ್ರೆ, ಪ್ರೊಸೆಸರ್ ಅಲ್ಲೇ ತಡೆಯುತ್ತೆ. ಆಗ ಕರ್ನಲ್ ಆ ಹೊತ್ತಲ್ಲಿ ರಿಜಿಸ್ಟರ್‌ಗಳಲ್ಲಿ (ಪ್ರೊಸೆಸರ್ ಒಳಗಿನ ಪುಟ್ಟ ಮೆಮೊರಿ ಜಾಗಗಳಲ್ಲಿ) ಏನಿತ್ತು, ಯಾವ ಫಂಕ್ಷನ್ ಯಾವುದನ್ನ ಕರೆದು ಇಲ್ಲಿಗೆ ಬಂತು ಅನ್ನೋದನ್ನೆಲ್ಲ ಅಚ್ಚು ಹಾಕಿ, ಆ ಕೆಲಸ ಮಾಡ್ತಿದ್ದ ಪ್ರೋಸೆಸ್ಸನ್ನ ಕೊಂದು, ಮುಂದೆ ಹೋಗೋಕೆ ನೋಡುತ್ತೆ. ಇದು ಊಪ್ಸ್. ಪ್ಯಾನಿಕ್ ಅಂದ್ರೆ ಇನ್ನು ಮುಂದೆ ಹೋಗೋದೇ ಬೇಡ ಅಂತ ಕೈ ಎತ್ತೋದು, ಸಿಸ್ಟಮ್ ಅಲ್ಲಿಗೇ ನಿಲ್ಲುತ್ತೆ. ಕರ್ನಲ್ ಡಾಟ್ ಪ್ಯಾನಿಕ್ ಅನ್ನೋ ಸೆಟ್ಟಿಂಗಲ್ಲಿ 0 ಇದ್ರೆ ಹಾಗೇ ಬಿದ್ದಿರುತ್ತೆ, 10 ಅಂತ ಇಟ್ಟಿದ್ರೆ ಹತ್ತು ಸೆಕೆಂಡಿಗೆ ತಾನೇ ರೀಬೂಟ್ ಆಗುತ್ತೆ, ಈ ಎರಡನೇದೇ ನಮ್ಮಲ್ಲಿ ಕರೆಂಟ್ ಹೋಗಿ ಬಂದ ಹಾಗೆ ಕಾಣೋದು.

ನೆಟ್‌ವರ್ಕ್ ವಿಷಯದಲ್ಲಿ ಊಪ್ಸ್ ಬರೀ ಊಪ್ಸ್ ಆಗಿ ಉಳಿಯೋದು ಕಮ್ಮಿ. ಯಾಕಂದ್ರೆ ಬಂದ ಪ್ಯಾಕೆಟ್ಟನ್ನ ಕರ್ನಲ್ ಎತ್ಕೊಳ್ಳೋದು ಸಾಫ್ಟ್‌ಐಆರ್‌ಕ್ಯೂ ಅನ್ನೋ ಹಂತದಲ್ಲಿ, ನ್ಯಾಪಿ ಪೋಲ್ ಅಂತಾರಲ್ಲ ಅದು ನಡೆಯೋದು ಅಲ್ಲೇ, ಅದು ಯಾವ ಪ್ರೋಸೆಸ್ಸಿನ ಸ್ವಂತ ಕೆಲಸಾನೂ ಅಲ್ಲ. ಆ ಹೊತ್ತಲ್ಲಿ ಸಿಪಿಯು ಮೇಲೆ ಯಾವುದೋ ಪಾಪದ ಡೇಟಾಬೇಸೋ ಶೆಲ್ಲೋ ಓಡ್ತಿದ್ದಿರಬಹುದು, ಅದನ್ನ ಕೊಂದ್ರೆ ಏನೂ ಸರಿ ಹೋಗಲ್ಲ, ಅದಕ್ಕೇ ಕರ್ನಲ್ "ಫೇಟಲ್ ಎಕ್ಸೆಪ್ಷನ್ ಇನ್ ಇಂಟರಪ್ಟ್" ಅಂತ ಬರೆದು ನೇರ ಪ್ಯಾನಿಕ್ ಆಗುತ್ತೆ. ಇದು ಗೊತ್ತಿಲ್ದೆ ತುಂಬ ಜನ ಲಾಗಲ್ಲಿ "ಕಾಮ್" ಅಂತ ಇರೋ ಜಾಗದಲ್ಲಿ ಮೈಎಸ್‌ಕ್ಯೂಎಲ್ ಹೆಸರು ನೋಡಿ ಮೈಎಸ್‌ಕ್ಯೂಎಲ್‌ನ ರೀಇನ್‌ಸ್ಟಾಲ್ ಮಾಡ್ತಾ ಕೂರ್ತಾರೆ. ಅದು ಆಗ ಅಲ್ಲಿ ಓಡ್ತಿತ್ತು ಅಷ್ಟೇ ಮಾರಾಯ, ಅದರದ್ದೇನೂ ಪಾತ್ರ ಇಲ್ಲ.

ವಿಎಂ ಅಂದ್ಮೇಲೆ ಮೊದಲ ಪ್ರಶ್ನೆ, ಬಿದ್ದಿದ್ದು ಯಾವ ಕರ್ನಲ್? ಒಂದೇ ಮಷಿನಲ್ಲಿ ಎರಡಿದೆ. ವಿಎಂ ಒಳಗಿನ ಅಪ್ಲಿಕೇಶನ್ ಕಳಿಸಿದ ಡೇಟಾ ಮೊದಲು ಒಳಗಿನ ಕರ್ನಲ್‌ನ ಟಿಸಿಪಿ ದಾಟಿ ವರ್ಟಿಯೋ-ನೆಟ್ ಡ್ರೈವರ್‌ಗೆ ಬರುತ್ತೆ. ವರ್ಟಿಯೋ ಅಂದ್ರೆ ನಿಜವಾದ ಕಾರ್ಡನ್ನ ನಟಿಸೋ ಗೋಜಿಗೇ ಹೋಗದೆ, ನಾನು ವಿಎಂ ಅಂತ ಒಪ್ಕೊಂಡು ಹೋಸ್ಟ್ ಜೊತೆ ನೇರ ಮಾತಾಡೋ ವ್ಯವಸ್ಥೆ, ಲಿನಕ್ಸ್ ಕರ್ನಲ್ ಡೆವಲಪರ್ ರಸ್ಟಿ ರಸೆಲ್ ಶುರು ಮಾಡಿದ್ದು, ಈ ನೆಟ್ ಡ್ರೈವರ್ 2008ರ ಜನವರಿಲಿ ಬಂದ 2.6.24 ಕರ್ನಲಿಂದ ಲಿನಕ್ಸ್ ಒಳಗಿದೆ. ಡ್ರೈವರ್ ಆ ಡೇಟಾನ ಎರಡೂ ಕಡೆಯವರಿಗೆ ಕಾಣೋ ಮೆಮೊರಿಲಿರೋ ಒಂದು ರಿಂಗಲ್ಲಿ ಇಡುತ್ತೆ. ಆಚೆ ಕಡೆ ಹೋಸ್ಟ್ ಕರ್ನಲ್‌ನ ವಿಹೋಸ್ಟ್-ನೆಟ್ ಅದನ್ನ ಎತ್ಕೊಂಡು ಟ್ಯಾಪ್ ಡಿವೈಸಿಗೆ (ಸಾಫ್ಟ್‌ವೇರಲ್ಲೇ ಇರೋ ನೆಟ್‌ವರ್ಕ್ ಕಾರ್ಡ್) ಕೊಟ್ಟು, ಅಲ್ಲಿಂದ ಬ್ರಿಡ್ಜು (ಸಾಫ್ಟ್‌ವೇರ್ ಸ್ವಿಚ್), ಬ್ರಿಡ್ಜಿಂದ ನಿಜವಾದ ಕಾರ್ಡು. ವಿಹೋಸ್ಟ್ ಇಲ್ದಿದ್ರೆ ಆ ಮಧ್ಯದ ಕೆಲಸ ಕ್ಯೂಈಎಂಯು (ವಿಎಂಗೆ ಹಾರ್ಡ್‌ವೇರ್ ಒದಗಿಸೋ ಪ್ರೋಗ್ರಾಮ್) ತಾನೇ ಮಾಡುತ್ತೆ, ಸ್ವಲ್ಪ ನಿಧಾನ.

ಹಾಗಾಗಿ ಟ್ರೇಸಲ್ಲಿ, ಅಂದ್ರೆ ಲಾಗಲ್ಲಿರೋ ಆ ಫಂಕ್ಷನ್ ಪಟ್ಟಿಲಿ, ಕಾಣೋ ಹೆಸರುಗಳೇ ಎಷ್ಟೋ ಹೇಳುತ್ತೆ. ವರ್ಟ್‌ನೆಟ್ ಪೋಲ್, ರಿಸೀವ್ ಬಫ್ ಅಂತ ಕಂಡ್ರೆ ಒಳಗಿನದ್ದು. ಟನ್ ಗೆಟ್ ಯೂಸರ್, ಹ್ಯಾಂಡಲ್ ಟಿಎಕ್ಸ್, ಅಥವಾ ಪ್ರೋಸೆಸ್ ಹೆಸರೇ ವಿಹೋಸ್ಟ್ ಡ್ಯಾಶ್ ಒಂದು ನಂಬರ್ ಅಂತಿದ್ರೆ ಹೋಸ್ಟ್‌ದು. ಹೋಸ್ಟ್ ಕಡೆ ಬಿದ್ರೆ ಕೆಲವೊಮ್ಮೆ ಆ ವಿಹೋಸ್ಟ್ ಥ್ರೆಡ್ ಮಾತ್ರ ಸತ್ತು, ವಿಎಂ ಬದುಕಿರುತ್ತೆ ಆದ್ರೆ ಅದರ ನೆಟ್ ಮಾತ್ರ ಸತ್ತಿರುತ್ತೆ, ಎಸ್‌ಎಸ್‌ಎಚ್ ಬರಲ್ಲ, ಕನ್ಸೋಲ್ ಮಾತ್ರ ಆರಾಮಾಗಿ ಬರುತ್ತೆ. ಹೋಸ್ಟ್ ಪೂರ್ತಿ ಪ್ಯಾನಿಕ್ ಆದ್ರೆ ಎಲ್ಲಾ ವಿಎಂಗಳೂ ಒಟ್ಟಿಗೆ ಹೋಗುತ್ತೆ, ಆಗ ಮಾತ್ರ ಕರೆಂಟಾ ಅಲ್ವಾ ಅಂತ ತಲೆ ಕೆಡಿಸ್ಕೊಳ್ಳೋದು ನ್ಯಾಯ. ಹೋಸ್ಟ್ ಕಡೆ ತಪ್ಪು ಬರೀ ಕ್ರ್ಯಾಶ್ ಅಲ್ಲ ಅನ್ನೋದೂ ನೆನಪಿರಲಿ. 2019ರಲ್ಲಿ ಸಿವಿಇ-2019-14835 ಅಂತ ಒಂದು ಭದ್ರತಾ ದೋಷ ಬಂತು, ವಿಎಂನ ಲೈವ್ ಮೈಗ್ರೇಷನ್ (ಓಡ್ತಿರುವಾಗ್ಲೇ ಇನ್ನೊಂದು ಹೋಸ್ಟಿಗೆ ಸಾಗಿಸೋದು) ಮಾಡುವಾಗ ಒಳಗಿನವನು ವಿಹೋಸ್ಟ್‌ನ ಬಫರ್ ಉಕ್ಕಿಸಿ ಹೋಸ್ಟ್ ಕರ್ನಲ್ ಬೀಳಿಸಬಹುದಿತ್ತು, ಅದಕ್ಕಿಂತ ಹೆಚ್ಚಿಂದೂ ಮಾಡಬಹುದಿತ್ತು. ಆದ್ದರಿಂದ ಇದು ಬರೀ ಹೋಮ್ ಲ್ಯಾಬ್ ಹುಚ್ಚಿನೋರ ತಲೆನೋವಲ್ಲ, ಕ್ಲೌಡ್ ನಡೆಸೋರು ನಿದ್ದೆ ಕೆಡಿಸ್ಕೊಳ್ಳೋ ವಿಷಯ.

ಇನ್ನು ಲಾಗ್ ಓದೋದು. ಮೊದಲ ಸಾಲಲ್ಲಿ "ನಲ್ ಪಾಯಿಂಟರ್ ಡಿರೆಫರೆನ್ಸ್" ಅಂತ ಹೇಳಿ ಒಂದು ವಿಳಾಸ ಕೊಡುತ್ತೆ. ಪೂರ್ತಿ ಸೊನ್ನೆ ಇಲ್ದೆ ಕೊನೇಲಿ 10, 28 ಥರದ ಸಣ್ಣ ಸಂಖ್ಯೆ ಇದ್ರೆ, ಸ್ಟ್ರಕ್ಟ್ ಪಾಯಿಂಟರ್ (ಒಂದು ಡೇಟಾ ಗುಂಪಿನ ವಿಳಾಸ) ಖಾಲಿ ಇತ್ತು, ಅದರೊಳಗೆ ಅಷ್ಟು ಬೈಟ್ ದೂರದ ಫೀಲ್ಡ್ ಓದೋಕೆ ಹೋಗಿದೆ ಅಂತ ಅರ್ಥ (ಸಂಖ್ಯೆ ಹೆಕ್ಸಲ್ಲಿರುತ್ತೆ, 10 ಅಂದ್ರೆ ಹದಿನಾರು). ಆಮೇಲೆ ಆರ್‌ಐಪಿ ಸಾಲು (ಪ್ರೊಸೆಸರ್ ಆಗ ಓಡಿಸ್ತಿದ್ದ ಜಾಗ), ಅಲ್ಲಿ ಫಂಕ್ಷನ್ ಹೆಸರು, ಒಂದು ಪ್ಲಸ್, ಅದರೊಳಗೆ ಎಷ್ಟು ದೂರ, ಆಮೇಲೆ ಫಂಕ್ಷನ್‌ನ ಒಟ್ಟು ಉದ್ದ. ಇದನ್ನ ಸಾಲಿನ ನಂಬರಿಗೆ ಬದಲಾಯಿಸೋಕೆ ಕರ್ನಲ್ ಸೋರ್ಸ್ ಜೊತೆ ಸ್ಕ್ರಿಪ್ಟ್ಸ್ ಫೋಲ್ಡರಲ್ಲಿ ಡಿಕೋಡ್ ಸ್ಟಾಕ್‌ಟ್ರೇಸ್ ಅಂತ ಒಂದು ಸ್ಕ್ರಿಪ್ಟ್ ಬರುತ್ತೆ, ಆದ್ರೆ ಡೀಬಗ್ ಮಾಹಿತಿ ಇರೋ ವಿಎಂಲಿನಕ್ಸ್ ಫೈಲ್ (ಕರ್ನಲ್‌ನದೇ ಫೈಲ್, ಹೆಸರಲ್ಲಿರೋ ವಿಎಂ ನಮ್ಮ ವಿಎಂ ಅಲ್ಲ) ಬೇಕು, ಅದೂ ಬಿದ್ದ ಕರ್ನಲ್‌ನ ಅದೇ ಬಿಲ್ಡಿನದು, ಹತ್ತಿರದ ವರ್ಷನ್ ಹಾಕಿದ್ರೆ ಸುಳ್ಳು ಸಾಲು ತೋರಿಸುತ್ತೆ. ಕಾಲ್ ಟ್ರೇಸಲ್ಲಿ ಪ್ರಶ್ನೆ ಚಿಹ್ನೆ ಇರೋ ಹೆಸರುಗಳನ್ನ ನಂಬಕ್ಕಾಗಲ್ಲ, ಸ್ಟಾಕಲ್ಲಿ ಹಳೇದು ಉಳಿದಿದ್ದೂ ಇರಬಹುದು. ಊಪ್ಸ್ ಪಕ್ಕ ಬ್ರಾಕೆಟಲ್ಲಿ ನಂಬರ್ ಇರುತ್ತೆ, 1 ಇರೋದನ್ನೇ ಹುಡುಕಿ, 2, 3 ಎಲ್ಲ ಸಾಮಾನ್ಯವಾಗಿ ಮೊದಲನೇದರ ಬಾಲ. ಟೇಂಟೆಡ್ ಸಾಲಲ್ಲಿ ಡಬ್ಲ್ಯು ಅಕ್ಷರ ಇದ್ರೆ ಇದಕ್ಕೂ ಮುಂಚೆ ಯಾವಾಗಲೋ ಕರ್ನಲ್ ಒಂದು ವಾರ್ನಿಂಗ್ ಕೊಟ್ಟಿತ್ತು, ಓ ಇದ್ರೆ ಹೊರಗಿನ ಮಾಡ್ಯೂಲ್ ಒಂದು ಒಳಗೆ ಬಂದಿದೆ. ಆ ಹಳೇ ವಾರ್ನಿಂಗನ್ನ ಮೊದಲು ಓದಿ, ಎಷ್ಟೋ ಸಲ ಕಥೆ ಅಲ್ಲೇ ಶುರುವಾಗಿರುತ್ತೆ.

ಆದ್ರೆ ಆರ್‌ಐಪಿ ಹೇಳೋದು ಬಿದ್ದ ಜಾಗ, ಬೀಳಿಸಿದೋರ ಹೆಸರಲ್ಲ. ನನ್ನ ಪ್ರಕಾರ ಈ ಇಡೀ ಪದದಲ್ಲಿ ಅರ್ಥ ಮಾಡ್ಕೋಬೇಕಾದ್ದು ಇದೊಂದೇ. ತೋಟದಲ್ಲಿ ಬೆಳಿಗ್ಗೆ ಎದ್ದು ನೋಡಿದ್ರೆ ಬಾಳೆ ಮುರಿದಿರೋದು ಮನೆ ಹಿಂದೆ, ಆದ್ರೆ ಆನೆ ಒಳಗೆ ಬಂದಿದ್ದು ಮೇಲೆಲ್ಲೋ ಮಳೆಗೆ ಕಂದಕ ಕುಸಿದ ಜಾಗದಿಂದ, ಬಾಳೆ ಬುಡಕ್ಕೆ ಬೇಲಿ ಹಾಕಿದ್ರೆ ನಾಳೆ ಇನ್ನೊಂದು ಕಡೆ ಮುರಿಯುತ್ತೆ. ಮೆಮೊರಿ ಕೆಡೋದೂ ಹೀಗೇನೆ. ಒಂದು ಕೋಡ್ ಪ್ಯಾಕೆಟ್ ಬಫರನ್ನ ಬಿಟ್ಟುಕೊಟ್ಟ ಮೇಲೂ ಅದರಲ್ಲಿ ಬರೀತು, ಆ ಜಾಗ ಅಷ್ಟರಲ್ಲಿ ಬೇರೆ ಯಾರಿಗೋ ಸಿಕ್ಕಿತ್ತು, ಬಿದ್ದಿದ್ದು ಅವರು. ಪ್ರತಿ ಸಲ ಟ್ರೇಸ್ ಬೇರೆ ಬೇರೆ ಫಂಕ್ಷನಲ್ಲಿ ಬರ್ತಿದ್ರೆ ಇದೇ ಅನುಮಾನ ಇಟ್ಕೊಳ್ಳಿ. ರಿಜಿಸ್ಟರುಗಳಲ್ಲಿ 6ಬಿ6ಬಿ6ಬಿ ಅಂತ ಸಾಲಾಗಿ ಕಂಡ್ರೆ, ಸ್ಲಬ್ ಡೀಬಗ್ (ಮೆಮೊರಿ ಹಂಚೋ ಕೋಡಿನ ತಪಾಸಣೆ) ಆನ್ ಇದ್ದಾಗ ಬಿಟ್ಟುಕೊಟ್ಟ ಮೆಮೊರಿಗೆ ಕರ್ನಲ್ ಬಳಿಯೋ ವಿಷದ ಗುರುತು ಅದು. ವಿಳಾಸ ಡೆಡ್ ಅನ್ನೋ ಅಕ್ಷರಗಳಿಂದ ಶುರುವಾಗಿ 100 ಅಥವಾ 122ರಲ್ಲಿ ಮುಗಿದ್ರೆ, ಲಿಸ್ಟಿಂದ ಆಗಲೇ ತೆಗೆದಿದ್ದನ್ನ ಯಾರೋ ಮತ್ತೆ ಮುಟ್ಟಿದ್ದಾರೆ. ನಿಜವಾದ ಕಳ್ಳನ್ನ ಹಿಡಿಯೋಕೆ ಕಾಸಾನ್ (ಮೆಮೊರಿ ತಪ್ಪುಗಳನ್ನ ಹಿಡಿಯೋ ಕರ್ನಲ್ ಸೌಲಭ್ಯ) ಆನ್ ಮಾಡಿದ ಕರ್ನಲ್ ಕಟ್ಟಬೇಕು, 4.0ರಿಂದ ಲಿನಕ್ಸಲ್ಲಿದೆ. ಈ ಮೆಮೊರಿ ಎಲ್ಲಿ ಪಡೆದಿದ್ದು, ಎಲ್ಲಿ ಬಿಟ್ಟಿದ್ದು, ಈಗ ಎಲ್ಲಿ ಮುಟ್ಟಿದ್ದು, ಮೂರೂ ಟ್ರೇಸ್ ಕೊಡುತ್ತೆ. ವಿಎಂ ಆಮೆ ಥರ ನಡೆಯುತ್ತೆ, ರ್‍ಯಾಮೂ ಜಾಸ್ತಿ ತಿನ್ನುತ್ತೆ, ಪರವಾಗಿಲ್ಲ.

ವಿಎಂ ನೆಟ್‌ವರ್ಕಿಗೇ ಅಂತ ಇರೋ ಇನ್ನೊಂದು ಕಂದಕ ಅಂದ್ರೆ ಜಿಎಸ್‌ಒ, ಜೆನೆರಿಕ್ ಸೆಗ್ಮೆಂಟೇಶನ್ ಆಫ್‌ಲೋಡ್. ಸಾವಿರದೈನೂರು ಬೈಟಿನ ಪ್ಯಾಕೆಟ್ ಒಂದೊಂದಾಗಿ ದಾಟಿಸಿದ್ರೆ ಸಿಪಿಯು ಸುಸ್ತಾಗುತ್ತೆ ಅಂತ ಒಳಗಿನ ಕರ್ನಲ್ 64 ಕೆಬಿ ಹತ್ತಿರದ ದೊಡ್ಡ ಗಂಟನ್ನೇ ಕೊಡುತ್ತೆ, ಜೊತೆಗೆ ವರ್ಟಿಯೋ ಹೆಡರಲ್ಲಿ "ಇದನ್ನ ಇಷ್ಟಿಷ್ಟಕ್ಕೆ ತುಂಡು ಮಾಡು" ಅಂತ ಬರೆದಿರುತ್ತೆ, ತುಂಡು ಮಾಡೋದು ಕೊನೇಲಿ ಹೋಸ್ಟೋ ಕಾರ್ಡೋ. ಆ ಹೆಡರ್ ಬರೆಯೋದು ವಿಎಂ, ನಂಬಬೇಕಾದ್ದು ಹೋಸ್ಟ್, ಹಾಗಾಗಿ ಅಲ್ಲಿರೋ ಸಂಖ್ಯೆ ಸರಿಯಾಗಿ ಪರೀಕ್ಷೆ ಮಾಡದೇ ಇದ್ರೆ ಎಸ್‌ಕೆಬಿ ಸೆಗ್ಮೆಂಟ್ (ಎಸ್‌ಕೆಬಿ ಅಂದ್ರೆ ಕರ್ನಲ್‌ನ ಪ್ಯಾಕೆಟ್ ಬಫರ್) ಅನ್ನೋ ಫಂಕ್ಷನಲ್ಲಿ ಹೋಗಿ ಮುಗ್ಗರಿಸುತ್ತೆ. ಎಸ್‌ಕೆಬಿ ಓವರ್ ಪ್ಯಾನಿಕ್ ಅಂತ ಕಂಡ್ರೆ ಬಫರಿನ ಬಾಲದಾಚೆಗೆ ಡೇಟಾ ತುಂಬೋಕೆ ಹೋಗಿದೆ, ಅಂಡರ್ ಪ್ಯಾನಿಕ್ ಆದ್ರೆ ತಲೆಯ ಹಿಂದಕ್ಕೆ. ಪತ್ತೆ ಮಾಡೋಕೆ ಸುಲಭದ ಪರೀಕ್ಷೆ, ಈತ್‌ಟೂಲಲ್ಲಿ (ನೆಟ್‌ವರ್ಕ್ ಕಾರ್ಡಿನ ಸೆಟ್ಟಿಂಗ್ ಬದಲಿಸೋ ಕಮಾಂಡ್) ಟಿಎಸ್‌ಒ (ಟಿಸಿಪಿ ಗಂಟನ್ನ ತುಂಡು ಮಾಡೋದನ್ನ ಕಾರ್ಡಿಗೇ ಬಿಡೋದು), ಜಿಎಸ್‌ಒ, ಜಿಆರ್‌ಒ (ಬಂದ ತುಂಡುಗಳನ್ನ ಕೂಡಿಸೋದು) ಒಂದೊಂದಾಗಿ ಆಫ್ ಮಾಡಿ ನೋಡೋದು. ಕ್ರ್ಯಾಶ್ ನಿಂತ್ರೆ ದಾರಿ ಸಿಕ್ತು. ಅದನ್ನೇ ರಿಪೇರಿ ಅಂದ್ಕೊಂಡು ಬಿಟ್ಟುಬಿಡೋರು ಜಾಸ್ತಿ, ಸ್ಪೀಡ್ ಅರ್ಧ ಆಯ್ತು ಅಂತ ಆಮೇಲೆ ಗೊಣಗ್ತಾರೆ.

ಇಷ್ಟೆಲ್ಲ ಓದೋಕೆ ಲಾಗ್ ಉಳಿದಿರಬೇಕಲ್ಲ, ಪ್ಯಾನಿಕ್ ಆದಾಗ ಡಿಸ್ಕಿಗೆ ಬರೆಯೋಕೆ ಟೈಮೇ ಇರಲ್ಲ, ಜರ್ನಲಲ್ಲಿ (ಡಿಸ್ಕಲ್ಲಿರೋ ಸಿಸ್ಟಮ್ ಲಾಗಲ್ಲಿ) ಹುಡುಕಿದ್ರೆ ಮಾತು ಅರ್ಧಕ್ಕೆ ನಿಂತಿರುತ್ತೆ. ವಿಎಂ ಆದ್ರೆ ಅಗ್ಗದ ಉಪಾಯ ಸೀರಿಯಲ್ ಕನ್ಸೋಲ್. ಬೂಟ್ ಸಾಲಲ್ಲಿ ಕನ್ಸೋಲ್ ಟಿಟಿವೈಎಸ್0 ಅಂತ ಸೇರಿಸಿ, ಆ ಸೀರಿಯಲ್ ಪೋರ್ಟನ್ನ ಹೋಸ್ಟ್ ಮೇಲೆ ಒಂದು ಫೈಲಿಗೆ ಹೋಗೋ ಹಾಗೆ ಲಿಬ್‌ವರ್ಟಲ್ಲಿ (ವಿಎಂಗಳನ್ನ ನಿರ್ವಹಿಸೋ ಸಾಫ್ಟ್‌ವೇರಲ್ಲಿ) ಹಾಕಿ, ಮುಗೀತು. ನೆಟ್‌ಕನ್ಸೋಲ್ ಅಂತಾನೂ ಇದೆ, ಯುಡಿಪಿಲಿ ಲಾಗ್ ಕಳಿಸುತ್ತೆ, ಆದ್ರೆ ಬಿದ್ದಿರೋದೇ ನೆಟ್‌ವರ್ಕ್ ಡ್ರೈವರ್ ಆದಾಗ ಅದರ ಮೂಲಕಾನೇ ಸುದ್ದಿ ಬರಲಿ ಅಂತ ಕಾಯೋದು ಸ್ವಲ್ಪ ಅತಿ ಆಸೆ. ಟ್ರೇಸ್ ಸಾಲದೆ ಮೆಮೊರಿನೇ ಬೇಕು ಅಂದ್ರೆ ಕೆಡಂಪ್. ಕ್ರ್ಯಾಶ್‌ಕರ್ನಲ್ 256 ಎಂಬಿ ಅಂತ ಮೊದಲೇ ಜಾಗ ಕಾದಿರಿಸಿದ್ರೆ, ಬಿದ್ದ ತಕ್ಷಣ ಆ ಜಾಗದಲ್ಲಿರೋ ಎರಡನೇ ಕರ್ನಲ್ ಎದ್ದು ಸತ್ತವನ ಮೆಮೊರಿಯನ್ನ ವಿಎಂಕೋರ್ ಫೈಲಾಗಿ ಬರೆಯುತ್ತೆ, ಅದನ್ನ ಕ್ರ್ಯಾಶ್ ಅನ್ನೋ ಟೂಲಲ್ಲಿ ಬಿಚ್ಚಿ ನೋಡಬಹುದು. ವಿಎಂ ನೇತಾಡ್ತಾ ನಿಂತಿದ್ರೆ ಹೋಸ್ಟಿಂದ್ಲೇ ಲಿಬ್‌ವರ್ಟ್‌ನ ವರ್ಶ್ ಡಂಪ್ ಕಮಾಂಡ್ ಕೊಟ್ಟು ತೆಗೀಬಹುದು, ಈ ಸೌಕರ್ಯ ನಿಜವಾದ ಮಷಿನ್‌ಗೆ ಇಲ್ಲ.

ಕೆಡಂಪ್ ಹಾಕಿದ ಮೇಲೆ ಪರೀಕ್ಷೆ ಮಾಡದೆ ಬಿಡಬೇಡಿ, ಬೇಕಾದ ದಿನ ಜಾಗ ಸಾಲಲ್ಲ ಅಂತ ಅದೂ ಕೈ ಕೊಡುತ್ತೆ. ಪ್ರಾಕ್ ಫೋಲ್ಡರ್ ಒಳಗಿನ ಸಿಸ್‌ರಿಕ್ವೆಸ್ಟ್ ಟ್ರಿಗರ್ ಫೈಲಿಗೆ ಸಿ ಅಂತ ಒಂದು ಅಕ್ಷರ ಬರೆದ್ರೆ ಕರ್ನಲ್ ತಕ್ಷಣ ಬೀಳುತ್ತೆ, ವಿಎಂಕೋರ್ ಬಂತಾ ನೋಡ್ಕೊಳ್ಳಿ. ಇದನ್ನ ವಿಎಂ ಒಳಗೆ ಮಾಡ್ತಿದ್ದೀರಾ ಹೋಸ್ಟ್ ಮೇಲಾ ಅಂತ ಎರಡು ಸಲ ನೋಡಿ ಎಂಟರ್ ಒತ್ತಿ, ಟರ್ಮಿನಲ್ ಎರಡೂ ಒಂದೇ ಥರ ಕಾಣುತ್ತೆ.