ಅಮಲೋದ್ಭವ ಅಂದರೆ ಕನ್ಯಾಜನನ ಅಲ್ಲ

ಡಿಸೆಂಬರ್ ಬಂತೆಂದರೆ ಈ ತಪ್ಪೂ ಬರುತ್ತದೆ. 'ಗಂಡಿನ ಸಂಪರ್ಕವಿಲ್ಲದೆ ಯೇಸು ಹುಟ್ಟಿದ್ದನ್ನು ಕ್ರೈಸ್ತರು ಅಮಲೋದ್ಭವ ಎನ್ನುತ್ತಾರೆ' ಅಂತ ಯಾರೋ ಬರೆಯುತ್ತಾರೆ, ಹತ್ತು ಜನ ಅದನ್ನೇ ಎತ್ತಿ ಹಂಚುತ್ತಾರೆ. ಕಥೋಲಿಕರಾದ ನಾವು ಹಾಗೆ ಎನ್ನುವುದಿಲ್ಲ. ಯೇಸು ಕನ್ಯೆಯ ಮಗನಾಗಿ ಹುಟ್ಟಿದ್ದಕ್ಕೆ ಕನ್ಯಾಜನನ ಎಂಬ ಬೇರೆ ಮಾತೇ ಇದೆ. ಅಮಲೋದ್ಭವ ಅವರ ತಾಯಿ ಮರಿಯಮ್ಮನವರಿಗೆ ಸಂಬಂಧಿಸಿದ್ದು. ಮರಿಯಮ್ಮ ತಮ್ಮ ತಾಯಿಯ ಬಸಿರಿನಲ್ಲಿ ಮೂಡಿದ ಗಳಿಗೆಯ ಮಾತು ಅದು.

ಗೊಂದಲಕ್ಕೆ ಅರ್ಧ ಕಾರಣ 'ಉದ್ಭವ'. ನಮ್ಮೂರುಗಳಲ್ಲಿ ಉದ್ಭವ ಮೂರ್ತಿ, ಉದ್ಭವ ಲಿಂಗ ಅಂದರೆ ಯಾರೂ ಕೆತ್ತದೆ ತಾನಾಗಿ ಎದ್ದದ್ದು. ಅದೇ ಕಿವಿಗೆ ಅಮಲೋದ್ಭವ ಬಿದ್ದರೆ ತಂದೆಯಿಲ್ಲದೆ ಹುಟ್ಟಿದ್ದು ಅನ್ನಿಸುವುದು ಸಹಜವೇ. ಆದರೆ ಇಲ್ಲಿ ಉದ್ಭವ ಅಂದರೆ ಸುಮ್ನೆ ಗರ್ಭದಲ್ಲಿ ರೂಪು ತಾಳುವುದು, ಅಷ್ಟೇ. ಮರಿಯಮ್ಮನವರಿಗೆ ಅಪ್ಪ ಅಮ್ಮ ಇಬ್ಬರೂ ಇದ್ದರು. ಬೈಬಲಿನಲ್ಲಿ ಅವರ ಹೆಸರಿಲ್ಲ. ಹಳೆಯ ಪರಂಪರೆ ಅವರನ್ನು ಜೋಕಿಮ್ ಮತ್ತು ಅನ್ನಮ್ಮ ಎನ್ನುತ್ತದೆ, ಜುಲೈ 26 ಅವರ ಹಬ್ಬ. ಎಲ್ಲ ಮನೆಗಳಲ್ಲಿ ಮಗು ಹೇಗೋ ಆ ಮನೆಯಲ್ಲೂ ಹಾಗೇ.

ಇನ್ನರ್ಧ ಕಾರಣ 'ಅಮಲ'. ಇದನ್ನು ಹೆಂಡದ ಅಮಲಿಗೆ ಗಂಟು ಹಾಕಿದವರೂ ಇದ್ದಾರೆ, ಅವರನ್ನು ಬಿಡಿ. ಮಲ ಅಂದರೆ ಕೊಳೆ, ಕಲೆ. ಈಗ ಆ ಮಾತು ಕಕ್ಕಸಿಗೇ ಮೀಸಲಾಗಿಬಿಟ್ಟಿದೆ. ಆದರೂ ಮಕ್ಕಳಿಗೆ ವಿಮಲ, ನಿರ್ಮಲ ಅಂತ ಹೆಸರಿಡುವಾಗ ಹಳೆಯ ಅರ್ಥ ಉಳಿದೇ ಇದೆ. ವಚನ ಓದುವವರಿಗೆ ಆಣವ, ಮಾಯಾ, ಕಾರ್ಮಿಕ ಎಂಬ ಮಲತ್ರಯವೂ, ಅಂದರೆ ಜೀವಕ್ಕೆ ಅಂಟಿದ ಮೂರು ಕೊಳೆಗಳೂ ಗೊತ್ತು. ಲ್ಯಾಟಿನ್‌ನ 'ಮಾಕುಲಾ' ಎಂದರೂ ಕಲೆಯೇ. ಅದು ಇಲ್ಲದವಳು ಇಮ್ಮಾಕುಲಾತಾ, ನಮ್ಮಲ್ಲಿ ಅಮಲೆ.

ಹಾಗಾದರೆ ಆ ಕಲೆ ಯಾವುದು? ಕಾಮ ಅಂತ ಓದಿಕೊಂಡು, ಗಂಡ ಹೆಂಡಿರು ಕೂಡುವುದೇ ಕೊಳಕು ಎಂದು ಕ್ರೈಸ್ತರು ನಂಬುತ್ತಾರೆ ಅಂತ ಬರೆಯುವವರಿದ್ದಾರೆ. ನನಗೆ ಜಾಸ್ತಿ ಸಿಟ್ಟು ತರಿಸುವುದು ಇದೇ. ಮದುವೆ ನಮ್ಮ ಏಳು ಸಂಸ್ಕಾರಗಳಲ್ಲಿ ಒಂದು, ಅದನ್ನು ಕೊಳಕು ಅನ್ನುತ್ತೇವಾ? ಇಲ್ಲಿ ಕಲೆ ಅಂದರೆ ಜನ್ಮಪಾಪ. ಮೊದಲ ಮನುಷ್ಯ ಆದಾಮನಿಂದ ಎಲ್ಲರಿಗೂ ಬಂದದ್ದು, ನಾವು ಒಂದು ತಪ್ಪೂ ಮಾಡುವ ಮೊದಲೇ ದೇವರಿಂದ ದೂರವಿರುವ ಸ್ಥಿತಿ.

ನಂಬದಿದ್ದರೆ ಚರ್ಚಿನ ಕ್ಯಾಲೆಂಡರ್ ತೆಗೆಯಿರಿ. ಅಮಲೋದ್ಭವದ ಹಬ್ಬ ಡಿಸೆಂಬರ್ 8. ಒಂಬತ್ತು ತಿಂಗಳು ಎಣಿಸಿದರೆ ಸೆಪ್ಟೆಂಬರ್ 8, ಮರಿಯಮ್ಮನವರ ಹುಟ್ಟುಹಬ್ಬ. ಬೆಂಗಳೂರಿನ ಶಿವಾಜಿನಗರದಲ್ಲಿ ತೇರು ಎಳೆಯುವ ದಿನ, ಕರಾವಳಿಯಲ್ಲಿ ಹೊಸ ತೆನೆ ಮನೆಗೆ ತರುವ ಮೊಂತಿ ಫೆಸ್ತ್. ಯೇಸುವಿನ ಲೆಕ್ಕ ಬೇರೆ. ಮರಿಯಮ್ಮ ಬಸಿರಾಗುವ ಸುದ್ದಿಯನ್ನು ದೇವದೂತ ತಂದ ಮಂಗಳವಾರ್ತೆಯ ಹಬ್ಬ ಮಾರ್ಚ್ 25, ಕ್ರಿಸ್‌ಮಸ್ ಡಿಸೆಂಬರ್ 25. ಎಂಟನೇ ತಾರೀಕು ಬಸಿರಾಗಿ ಅದೇ ತಿಂಗಳು ಇಪ್ಪತ್ತೈದಕ್ಕೆ ಹೆರುವುದುಂಟೇ?

ಕಥೋಲಿಕಳಾಗಿ ನಾನು ನಂಬುವುದು ಹೀಗೆ: ಮರಿಯಮ್ಮ ಬಸಿರಿನಲ್ಲಿ ಮೂಡಿದ ಕ್ಷಣದಿಂದಲೇ ದೇವರು ಅವರನ್ನು ಆ ಕಲೆ ತಟ್ಟದಂತೆ ಕಾಪಾಡಿದರು, ಅದೂ ಮುಂದೆ ಬರಲಿದ್ದ ಯೇಸುವಿನ ಪುಣ್ಯದಿಂದ. ಪಾಪವೇ ತಟ್ಟದಿದ್ದರೆ ಮರಿಯಮ್ಮನವರಿಗೆ ರಕ್ಷಕನೇ ಬೇಡವಾಯಿತಲ್ಲ ಎಂದು 13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸ್ ಅವರಂಥ ದೊಡ್ಡ ಧರ್ಮಪಂಡಿತರೇ ಇದನ್ನು ಒಪ್ಪಲಿಲ್ಲ. ಆಮೇಲೆ ಬಂದ ಇನ್ನೊಬ್ಬ ಧರ್ಮಪಂಡಿತ ಡನ್ಸ್ ಸ್ಕೋಟಸ್ ದಾರಿ ಬಿಡಿಸಿದರು. ಅವರ ವಾದವನ್ನು ಉಪದೇಶದ ತರಗತಿಗಳಲ್ಲಿ ಹೀಗೆ ಹೇಳಬಹುದು: ಬಾವಿಗೆ ಬಿದ್ದವರನ್ನು ಮೇಲೆತ್ತಿದವನೂ ಕಾಪಾಡಿದವನೇ, ಬೀಳುವ ಮೊದಲೇ ಕೈ ಹಿಡಿದವನೂ ಕಾಪಾಡಿದವನೇ. 1854ರ ಡಿಸೆಂಬರ್ 8ರಂದು ಪೋಪ್ ಒಂಬತ್ತನೇ ಪಿಯುಸ್ ಇದನ್ನು ಕಥೋಲಿಕರೆಲ್ಲ ನಂಬಲೇಬೇಕಾದ ಸತ್ಯ ಎಂದು ಸಾರಿದರು.

ಇದರಲ್ಲಿ ನನಗೆ ಹಿಡಿಸುವುದು ಒಂದೇ. ಮರಿಯಮ್ಮ ಆಗ ಇನ್ನೂ ಏನೂ ಮಾಡಿರಲಿಲ್ಲ. ಒಂದು ಪ್ರಾರ್ಥನೆ ಹೇಳಿರಲಿಲ್ಲ, ಒಂದು ಉಪಕಾರ ಮಾಡಿರಲಿಲ್ಲ. ಆದರೂ ಸಿಕ್ಕಿತು. ನಾವು ವರಪ್ರಸಾದ ಎನ್ನುವುದು ಇದನ್ನೇ. ನನ್ನ ವಿಶ್ವಾಸ ನಿಂತಿರುವುದೂ ಅದರ ಮೇಲೆ.

ಎಲ್ಲ ಕ್ರೈಸ್ತರೂ ಅಮಲೋದ್ಭವವನ್ನು ನಂಬುತ್ತಾರೆ ಅಂತ ಬರೆಯುವುದೂ ನಿಲ್ಲಲಿ. ಕನ್ಯಾಜನನವನ್ನು ಹಲವು ಪ್ರೊಟೆಸ್ಟೆಂಟ್ ಸಭೆಗಳೂ ಭಾನುವಾರದ ವಿಶ್ವಾಸಪ್ರಮಾಣದಲ್ಲಿ, ಅಂದರೆ ತಾವು ನಂಬುವುದನ್ನು ಒಟ್ಟಾಗಿ ಸಾರುವ ಪಾಠದಲ್ಲಿ, ಹೇಳುತ್ತವೆ. ಅಮಲೋದ್ಭವವನ್ನು ಅವರು ಒಪ್ಪುವುದಿಲ್ಲ, ಆರ್ಥೊಡಾಕ್ಸ್ ಸಭೆಗಳೂ ಒಪ್ಪುವುದಿಲ್ಲ. ಪ್ರೊಟೆಸ್ಟೆಂಟರ ಸಿಎಸ್‌ಐ ಚರ್ಚಿಗೆ ಹೋಗುವ ನನ್ನ ಗೆಳತಿಯಂತೂ ಎಲ್ಲರೂ ಪಾಪ ಮಾಡಿದ್ದಾರೆ ಎಂಬ, ಬೈಬಲಿನಲ್ಲಿರುವ ಸಂತ ಪೌಲರ ಮಾತನ್ನು ಮುಂದಿಟ್ಟುಕೊಂಡೇ ವಾದಕ್ಕೆ ಕೂರುತ್ತಾಳೆ. ಅವಳ ಜೊತೆ ವಾದ ಮಾಡಲು ನನಗೆ ಖುಷಿ. ಯಾವುದನ್ನು ಒಪ್ಪುತ್ತಿಲ್ಲ ಅನ್ನುವುದು ಅವಳಿಗೆ ಸರಿಯಾಗಿ ಗೊತ್ತು.