ಕ್ಲ್ಯಾಟ್ ಗದ್ಯಭಾಗ: ಗೊತ್ತಿದ್ದದ್ದನ್ನು ಬದಿಗಿಟ್ಟು ಓದುವುದು

ಕಲಬುರಗಿಯಲ್ಲಿ ಪಿಯುಸಿ ಓದುತ್ತಲೇ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಕ್ಲ್ಯಾಟ್‌ಗೆ ಸಿದ್ಧರಾಗುವವರಲ್ಲಿ ಹಲವರು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವರು. ಗದ್ಯಭಾಗದ ಪ್ರಶ್ನೆಗಳಲ್ಲಿ ಅಂಕ ಹೋದಾಗ ಅವರೂ, ಅವರ ತಂದೆತಾಯಂದಿರೂ ಇಂಗ್ಲಿಷ್ ಶಬ್ದಸಂಪತ್ತು ಸಾಲದೆಂದು ಭಾವಿಸಿ, ಪದಪಟ್ಟಿಗಳನ್ನು ಬಾಯಿಪಾಠ ಮಾಡುವ ದಾರಿ ಹಿಡಿಯುತ್ತಾರೆ. ಈ ಪರೀಕ್ಷೆಗೆ ಪಾಠ ಹೇಳುವವನಾಗಿ ನಾನು ಕಂಡಂತೆ, ತಪ್ಪು ಉತ್ತರಗಳ ದೊಡ್ಡ ಪಾಲಿಗೆ ಕಾರಣ ಅರ್ಥವಾಗದ ಪದವಲ್ಲ. ಲೇಖಕ ಹೇಳದೇ ಇದ್ದದ್ದನ್ನು ಹೇಳಿದ್ದಾನೆಂದು ಎಣಿಸುವುದು.

2020ರಿಂದ ಕ್ಲ್ಯಾಟ್ ಗದ್ಯಭಾಗ ಆಧಾರಿತ ಪರೀಕ್ಷೆಯಾಗಿದೆ. ಈಗಿನ ಸ್ವರೂಪದಲ್ಲಿ 120 ನಿಮಿಷಗಳಲ್ಲಿ 120 ಪ್ರಶ್ನೆಗಳು. ಅದರಲ್ಲಿ ಇಂಗ್ಲಿಷ್ ವಿಭಾಗಕ್ಕೆ 22ರಿಂದ 26. ಪ್ರತಿ ಗದ್ಯಭಾಗ ಸುಮಾರು 450 ಪದಗಳದ್ದು. ಕಾನೂನು ವಿಭಾಗದಲ್ಲಿಯೂ, ತರ್ಕದ ವಿಭಾಗದಲ್ಲಿಯೂ ಗದ್ಯಭಾಗ ಓದಿಯೇ ಉತ್ತರಿಸಬೇಕಾದ್ದರಿಂದ, ಓದುವ ಶಿಸ್ತು ಒಂದು ವಿಭಾಗದ ಮಾತಾಗಿ ಉಳಿಯುವುದಿಲ್ಲ.

ನಮ್ಮ ಭಾಗದ ಮಕ್ಕಳಿಗೆ ತೀರ ಹತ್ತಿರದ ವಿಷಯವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ತರಗತಿಯಲ್ಲಿ ನಾನು ಕೊಡುವ ಒಂದು ಗದ್ಯಭಾಗದ ಮುಖ್ಯ ವಾಕ್ಯದ ತಾತ್ಪರ್ಯ ಹೀಗಿದೆ: ಪ್ರಾದೇಶಿಕ ಅಸಮತೋಲನ ಸರಿಪಡಿಸಲು ಸ್ಥಳೀಯರಿಗೆ ಮೀಸಲಾತಿ ಅಗತ್ಯವೇ ಆದರೂ, ಆ ಪ್ರದೇಶದ ಶಾಲೆಗಳು ಸುಧಾರಿಸದೇ ಹೋದರೆ ಅದರ ಪ್ರಯೋಜನ ಬಹುಮಟ್ಟಿಗೆ ಈಗಾಗಲೇ ಅನುಕೂಲವಂತರಾದ ಕುಟುಂಬಗಳಿಗೆ ತಲುಪಬಹುದು. ಲೇಖಕರ ನಿಲುವು ಯಾವುದು ಎಂಬ ಪ್ರಶ್ನೆಗೆ ನಾಲ್ಕು ಆಯ್ಕೆಗಳಿವೆ. ಪ್ರಾದೇಶಿಕ ಮೀಸಲಾತಿ ವಿಫಲವಾಗಿದೆ ಎಂಬುದು ಮೊದಲನೆಯದು. ಅದು ಅನುಕೂಲವಂತರಿಗೆ ಮಾತ್ರ ದಕ್ಕುತ್ತದೆ ಎಂಬುದು ಎರಡನೆಯದು. ಶಾಲಾ ಶಿಕ್ಷಣ ಸುಧಾರಿಸದ ಹೊರತು ಮೀಸಲಾತಿಯೊಂದೇ ಸಾಲದಾಗಬಹುದು ಎಂಬುದು ಮೂರನೆಯದು. ಹಿಂದುಳಿದ ಪ್ರದೇಶಗಳ ಮೀಸಲಾತಿಗೆ ಸಂವಿಧಾನದ ಆಧಾರವಿದೆ ಎಂಬುದು ನಾಲ್ಕನೆಯದು.

ಸರಿಯುತ್ತರ ಮೂರನೆಯದು. ಆದರೆ ನಾಲ್ಕನೆಯದರ ಕಡೆಗೆ ಕೈ ಹೋಗುವುದು ಸಹಜ. ಸಂವಿಧಾನದ 2012ರ 98ನೇ ತಿದ್ದುಪಡಿಯಿಂದ ಬಂದ, ನಮ್ಮ ಭಾಗದವರಿಗೆ ಮೀಸಲಾತಿಗೆ ಆಧಾರವಾದ 371(ಜೆ) ವಿಧಿಯ ಪ್ರಮಾಣಪತ್ರಕ್ಕಾಗಿ ತಹಶೀಲ್ದಾರ್ ಕಚೇರಿಗೆ ಅಲೆಯುವುದನ್ನು ಮನೆಯಲ್ಲಿ ಕಂಡ ಹುಡುಗಿಗೆ ಅದು ಸತ್ಯವೆಂದು ಚೆನ್ನಾಗಿ ಗೊತ್ತು. ಹೌದು, ಸತ್ಯವೇ, ಆದರೆ ಗದ್ಯಭಾಗದಲ್ಲಿ ಆ ಮಾತಿಲ್ಲ. ಮೊದಲನೆಯದನ್ನು ಆರಿಸುವವರು ಟೀಕೆಯನ್ನು ವಿರೋಧವೆಂದು ಓದಿದವರು. ಲೇಖಕ ಮೀಸಲಾತಿಯನ್ನು ಅಗತ್ಯ ಎಂದದ್ದನ್ನು ಮರೆತಿರುತ್ತಾರೆ. ಎರಡನೆಯದು ಎಲ್ಲಕ್ಕಿಂತ ಅಪಾಯಕಾರಿ, ಏಕೆಂದರೆ ಅದರ ಪದಗಳೆಲ್ಲ ಗದ್ಯಭಾಗದವೇ ಆಗಿದ್ದು, ‘ಬಹುಮಟ್ಟಿಗೆ ತಲುಪಬಹುದು’ ಎಂಬುದು ಮಾತ್ರ ಸದ್ದಿಲ್ಲದೆ ‘ಮಾತ್ರ ದಕ್ಕುತ್ತದೆ’ ಎಂದಾಗಿದೆ. ಜಾಣ ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಇಂಥಲ್ಲಿಯೇ. ‘ಆಲ್ವೇಸ್’, ‘ಓನ್ಲಿ’, ‘ನೆವರ್’ ಎಂಬ ಪದಗಳು ಆಯ್ಕೆಯಲ್ಲಿ ಕಂಡರೆ, ಗದ್ಯಭಾಗದಲ್ಲಿಯೂ ಅಷ್ಟೇ ಖಡಾಖಂಡಿತವಾಗಿ ಹೇಳಲಾಗಿದೆಯೇ ಎಂದು ಹಿಂದಿರುಗಿ ನೋಡಲೇಬೇಕು.

ಮೊದಲು ಪ್ರಶ್ನೆ ಓದಬೇಕೇ, ಗದ್ಯಭಾಗವೇ ಎಂಬ ಚರ್ಚೆಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಗದ್ಯಭಾಗವನ್ನೇ ಮೊದಲು ಓದಿ, ‘ಹೌಎವರ್’, ‘ಆಲ್‌ದೋ’ ಮುಂತಾದ ಪದಗಳು ಬಂದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದರೆ ಸಾಕು. ವಾದ ತಿರುಗುವುದು ಅಲ್ಲಿ, ಲೇಖಕರ ಸ್ವಂತ ಅಭಿಪ್ರಾಯ ಹೊರಬೀಳುವುದೂ ಬಹುತೇಕ ಅಲ್ಲಿಯೇ. ಪದದ ಅರ್ಥ ಕೇಳಿದಾಗ ಆ ವಾಕ್ಯದಲ್ಲಿ ನಾಲ್ಕೂ ಆಯ್ಕೆಗಳನ್ನು ಇಟ್ಟು ಓದಿ ನೋಡಬೇಕು, ನಿಘಂಟಿನ ಮೊದಲ ಅರ್ಥ ನಂಬಬಾರದು.

ಅಭ್ಯಾಸದ ಹೊತ್ತಿನಲ್ಲಿ ಸರಿಯುತ್ತರವನ್ನು ಗುರುತಿಸಿ ಮುಂದೆ ಹೋಗುವ ಬದಲು, ಉಳಿದ ಮೂರೂ ಏಕೆ ತಪ್ಪು ಎಂದು ನೋಟ್‌ಬುಕ್ಕಿನಲ್ಲಿ ಒಂದೊಂದು ಸಾಲು ಬರೆಯಬೇಕೆಂದು ನಾನು ಒತ್ತಾಯಿಸುತ್ತೇನೆ. ಇದು ನಿಧಾನದ ಕೆಲಸ, ಮಕ್ಕಳಿಗೆ ಬೇಸರವೂ ಆಗುತ್ತದೆ, ಆದರೂ ಬಿಡಬಾರದು. ಸರಿಯುತ್ತರಕ್ಕೆ 1 ಅಂಕವಿದ್ದು, ತಪ್ಪು ಉತ್ತರಕ್ಕೆ 0.25 ಅಂಕ ಕಡಿತವಿರುವುದರಿಂದ ನಮ್ಮ ಮಕ್ಕಳು ಅನುಮಾನವಿದ್ದ ಪ್ರಶ್ನೆಗಳನ್ನು ಹಾಗೆಯೇ ಬಿಟ್ಟುಬರುತ್ತಾರೆ. ಆದರೆ ಎರಡು ಆಯ್ಕೆಗಳನ್ನು ಕಾರಣಸಮೇತ ತಳ್ಳಿಹಾಕಿದ ಮೇಲೆ ಉಳಿದೆರಡರಲ್ಲಿ ಒಂದನ್ನು ಆರಿಸಿದರೆ ಸರಾಸರಿ 0.375 ಅಂಕ ಲಾಭವೇ ಆಗುತ್ತದೆ. ಅಂಥ ಪ್ರಶ್ನೆಗಳನ್ನು ಬಿಡದೆ ಉತ್ತರಿಸಬೇಕು.