ಅಮೆರಿಕದ ಫೆಡರಲ್ ತೆರಿಗೆ ತಿದ್ದುಪಡಿಗಳು ಮತ್ತು ವಕೀಲಿ ವೃತ್ತಿ: ಅಧ್ಯಯನ ಟಿಪ್ಪಣಿ

ಅಮೆರಿಕದಲ್ಲಿ ದೊಡ್ಡ ವಕೀಲಿ ಸಂಸ್ಥೆಗಳು ಸಾಮಾನ್ಯವಾಗಿ ಪಾಲುದಾರಿಕೆಯ ರೂಪದಲ್ಲಿರುವುದರಿಂದ ಫೆಡರಲ್ ಆದಾಯ ತೆರಿಗೆಯನ್ನು ಕಟ್ಟುವವರು ಪಾಲುದಾರರೇ ಹೊರತು ಸಂಸ್ಥೆಯಲ್ಲ. ಹೀಗಾಗಿ 2017ರ ಡಿಸೆಂಬರ್‌ನಲ್ಲಿ ಬಂದ ಕಾಯ್ದೆ ಕಂಪನಿ ತೆರಿಗೆಯನ್ನು ಶೇ. 35ರಿಂದ ಶೇ. 21ಕ್ಕೆ ಇಳಿಸಿದಾಗ ಅದರ ನೇರ ಲಾಭ ಈ ಸಂಸ್ಥೆಗಳಿಗೆ ಸಿಗಲಿಲ್ಲ. ಕಂಪನಿಯಲ್ಲದ ವ್ಯವಹಾರಗಳಿಗೆ ಪರಿಹಾರವಾಗಿ ಅದೇ ಕಾಯ್ದೆ ತೆರಿಗೆ ಸಂಹಿತೆಯ ಸೆಕ್ಷನ್ 199ಎ ಅಡಿ ವ್ಯವಹಾರದ ಆದಾಯದಲ್ಲಿ ಶೇ. 20ರಷ್ಟು ಕಡಿತವನ್ನು (ತೆರಿಗೆ ಲೆಕ್ಕ ಹಾಕುವ ಮೊದಲು ಆದಾಯದಿಂದ ಕಳೆಯಬಹುದಾದ ಮೊತ್ತ) ಕೊಟ್ಟಿತಾದರೂ, ದುಡಿಮೆಯ ಪ್ರತಿಫಲವನ್ನೇ ಲಾಭವೆಂದು ತೋರಿಸಿಯಾರೆಂಬ ಶಂಕೆಯಿಂದ ಕಾನೂನು, ವೈದ್ಯಕೀಯ, ಲೆಕ್ಕಪತ್ರ ಮೊದಲಾದ ಸೇವೆಗಳಿಗೆ ಆದಾಯದ ಮಿತಿಯನ್ನು ಹಾಕಿತು. ಎಂಜಿನಿಯರ್‌ಗಳನ್ನೂ ವಾಸ್ತುಶಿಲ್ಪಿಗಳನ್ನೂ ಮಾತ್ರ ಈ ಪಟ್ಟಿಯಿಂದ ಹೊರಗಿಟ್ಟಿದ್ದಕ್ಕೆ ತರ್ಕಕ್ಕಿಂತ ರಾಜಕೀಯವೇ ಕಾರಣವಿದ್ದೀತು.

ಈ ಮಿತಿಯನ್ನು ಅಳೆಯುವುದು ವಕೀಲರ ಫೀಸಿನ ಮೇಲಲ್ಲ, ದಂಪತಿಗಳ ಒಟ್ಟು ತೆರಿಗೆಯೋಗ್ಯ ಆದಾಯದ ಮೇಲೆ ಎಂಬುದನ್ನು ಗಮನಿಸಬೇಕು. 2025ರಲ್ಲಿ ಜಂಟಿಯಾಗಿ ತೆರಿಗೆ ವಿವರ ಸಲ್ಲಿಸುವ ದಂಪತಿಗಳಿಗೆ ಮಿತಿ 3,94,600 ಡಾಲರ್ ಇದ್ದು, ಅದರ ಮೇಲಿನ ಒಂದು ಲಕ್ಷ ಡಾಲರ್ ವ್ಯಾಪ್ತಿಯಲ್ಲಿ ಕಡಿತ ಕರಗುತ್ತಾ ಹೋಗಿ 4,94,600ಕ್ಕೆ ಸೊನ್ನೆಯಾಗುತ್ತಿತ್ತು. ಆ ವರ್ಷದ ಲೆಕ್ಕದಲ್ಲಿ ಸ್ವತಂತ್ರವಾಗಿ ವಕೀಲಿ ಮಾಡುವ ಒಬ್ಬರ ಕುಟುಂಬದ ತೆರಿಗೆಯೋಗ್ಯ ಆದಾಯ 4,20,000 ಡಾಲರ್, ಅದರಲ್ಲಿ ವಕೀಲಿಯ ನಿವ್ವಳ ಆದಾಯ 3,30,000 ಎಂದಿಟ್ಟುಕೊಳ್ಳೋಣ. ಮಿತಿಯನ್ನು 25,400 ಡಾಲರ್‌ನಷ್ಟು ಮೀರಿರುವುದರಿಂದ ಶೇ. 74.6ರಷ್ಟು ಆದಾಯ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅದರ ಶೇ. 20ರ ಲೆಕ್ಕದಲ್ಲಿ ಕಡಿತ 49,236 ಡಾಲರ್ ದಾಟದು, ಕಚೇರಿಯ ನೌಕರರಿಗೆ ಕೊಡುವ ಸಂಬಳ ಕಡಿಮೆಯಿದ್ದರೆ ಇನ್ನೂ ಇಳಿಯುತ್ತದೆ. ಅವರೇ 30,000 ಡಾಲರನ್ನು ನಿವೃತ್ತಿ ಯೋಜನೆಗೆ ತೊಡಗಿಸಿದರೆ ತೆರಿಗೆಯೋಗ್ಯ ಆದಾಯ 3,90,000ಕ್ಕೂ ವಕೀಲಿ ಆದಾಯ 3,00,000ಕ್ಕೂ ಇಳಿದು, ಪೂರ್ತಿ 60,000 ಡಾಲರ್ ಕಡಿತ ಸಿಗುತ್ತದೆ. ದೊಡ್ಡ ಸಂಸ್ಥೆಗಳ ಪಾಲುದಾರರ ಆದಾಯ ಸಾಮಾನ್ಯವಾಗಿ ಈ ವ್ಯಾಪ್ತಿಯ ಮೇಲೆಯೇ ಇರುವುದರಿಂದ ಅವರಿಗೆ ಇದರಲ್ಲಿ ಏನೂ ದಕ್ಕುವುದಿಲ್ಲ. 2025ರ ಜುಲೈ 4ರಂದು ಅಧ್ಯಕ್ಷರ ಸಹಿಯಾದ ಕಾಯ್ದೆ ಈ ಕಡಿತವನ್ನು ಕಾಯಂ ಮಾಡಿ, 2026ರಿಂದ ಜಂಟಿ ವಿವರದ ಕರಗುವ ವ್ಯಾಪ್ತಿಯನ್ನು ಒಂದೂವರೆ ಲಕ್ಷ ಡಾಲರ್‌ಗೆ ಹಿಗ್ಗಿಸಿದೆ.

ರಾಜ್ಯ ತೆರಿಗೆಯ ಮಾತು ಬೇರೆ. 2018ರಲ್ಲಿ, ಫೆಡರಲ್ ತೆರಿಗೆಯ ಲೆಕ್ಕದಲ್ಲಿ ರಾಜ್ಯ ಮತ್ತು ಸ್ಥಳೀಯ ತೆರಿಗೆಗಳನ್ನು ಆದಾಯದಿಂದ ಕಳೆಯುವುದಕ್ಕೆ 10,000 ಡಾಲರ್ ಮಿತಿ ಬಂದು ನ್ಯೂಯಾರ್ಕ್, ಕ್ಯಾಲಿಫೋರ್ನಿಯಾಗಳ ಪಾಲುದಾರರಿಗೆ ದೊಡ್ಡ ಪೆಟ್ಟು ಬಿದ್ದಿತು. ಇದನ್ನು ತಪ್ಪಿಸಲು, ಪಾಲುದಾರರ ಬದಲು ಸಂಸ್ಥೆಯೇ ರಾಜ್ಯ ತೆರಿಗೆ ಕಟ್ಟಿ ಅದನ್ನು ಖರ್ಚೆಂದು ಕಳೆಯುವ ದಾರಿಯನ್ನು ರಾಜ್ಯಗಳು ತೆರೆದವು. 2020ರ ನವೆಂಬರ್‌ನಲ್ಲಿ ಫೆಡರಲ್ ತೆರಿಗೆ ಇಲಾಖೆಯಾದ ಐಆರ್‌ಎಸ್ ಅದನ್ನು ಒಪ್ಪಿತು. ವಕೀಲರಂಥ ವೃತ್ತಿಪರರಿಗೆ ಈ ದಾರಿ ಮುಚ್ಚುವ ಪ್ರಸ್ತಾಪ 2025ರಲ್ಲಿ ಕೆಳಮನೆಯ ಮಸೂದೆಯಲ್ಲಿತ್ತು, ಅಂತಿಮ ಕಾಯ್ದೆಯಲ್ಲಿ ಉಳಿಯಲಿಲ್ಲ.

ಇದಕ್ಕಿಂತ ಕಡಿಮೆ ಚರ್ಚೆಯಾಗುವ, ಆದರೆ ನನ್ನ ದೃಷ್ಟಿಯಲ್ಲಿ ಹೆಚ್ಚು ತೂಕದ ಪರಿಣಾಮ ಕಕ್ಷಿದಾರರ ಮೂಲಕ ಬರುತ್ತದೆ. ಗೆದ್ದ ಹಣದಲ್ಲಿ ವಕೀಲರಿಗೆ ಹೋಗುವ ಪಾಲೂ ಸಾಮಾನ್ಯವಾಗಿ ಕಕ್ಷಿದಾರರ ಆದಾಯವೇ ಎಂದು ಸುಪ್ರೀಂ ಕೋರ್ಟ್ 2005ರ ಬ್ಯಾಂಕ್ಸ್ ಪ್ರಕರಣದಲ್ಲಿ ತೀರ್ಪಿತ್ತಿತು. ವೈಯಕ್ತಿಕ ವ್ಯಾಜ್ಯಗಳಲ್ಲಿ ಆ ಫೀಸನ್ನು ಮಿತಿಗಳೊಡನೆ ಕಳೆಯಲು ಇದ್ದ ಅವಕಾಶವನ್ನು 2017ರ ಕಾಯ್ದೆ ಅಮಾನತಿನಲ್ಲಿಟ್ಟಿತು, 2025ರ ಕಾಯ್ದೆ ಶಾಶ್ವತವಾಗಿ ತೆಗೆಯಿತು. ಮಾನನಷ್ಟ ಮೊಕದ್ದಮೆಯಲ್ಲಿ ಹತ್ತು ಲಕ್ಷ ಡಾಲರ್ ಪಡೆದು, ಶೇ. 40ರಷ್ಟನ್ನು ವಕೀಲರಿಗೆ ಕೊಟ್ಟ ವ್ಯಕ್ತಿಯ ಕೈಗೆ ಬರುವುದು ಆರು ಲಕ್ಷ, ತೆರಿಗೆಯ ಲೆಕ್ಕ ಮಾತ್ರ ಹತ್ತು ಲಕ್ಷಕ್ಕೆ. ಉದ್ಯೋಗ ತಾರತಮ್ಯದ ಪ್ರಕರಣಗಳಿಗೆ 2004ರ ಕಾಯ್ದೆ ಕೊಟ್ಟ ಪೂರ್ಣ ಕಡಿತ ಈಗಲೂ ಇದೆ. ದೈಹಿಕ ಗಾಯಕ್ಕೆ ಸಿಗುವ ಪರಿಹಾರ ಧನಕ್ಕೆ ತೆರಿಗೆಯೇ ಇಲ್ಲ. ಆದ್ದರಿಂದ ಯಾವ ಹಣ ಯಾವ ಹಾನಿಗೆ ಎಂದು ರಾಜಿ ಪತ್ರದಲ್ಲಿ ನಿಜಾಂಶಕ್ಕೆ ತಕ್ಕಂತೆ ಬಿಡಿಸಿ ಬರೆಯುವುದು, ಅದನ್ನು ಸಹಿಗೆ ಮೊದಲೇ ಕಕ್ಷಿದಾರರಿಗೆ ವಿವರಿಸುವುದು ವಕೀಲರ ಕೆಲಸದ ಭಾಗವಾಗಿದೆ. ಎದುರು ಪಕ್ಷದ ವಕೀಲರಿಗೂ ಇಂಥದ್ದೇ ಒಂದು ಲೆಕ್ಕಾಚಾರವಿದೆ: ಲೈಂಗಿಕ ಕಿರುಕುಳದ ರಾಜಿಗೆ ಗೋಪ್ಯತೆಯ ಷರತ್ತು ಸೇರಿಸಿದರೆ, ಸೆಕ್ಷನ್ 162(ಕ್ಯೂ) ಪ್ರಕಾರ ಕಂಪನಿಯು ಕೊಟ್ಟ ಪರಿಹಾರವನ್ನಾಗಲಿ ಅದಕ್ಕೆ ಸಂಬಂಧಿಸಿದ ವಕೀಲರ ಫೀಸನ್ನಾಗಲಿ ಖರ್ಚೆಂದು ಕಳೆಯುವಂತಿಲ್ಲ.